ಕೆಂಪು ತಾರೀಖಿನ ಮಹನೀಯರು

ಹೊಸ ಕ್ಯಾಲೆಂಡರ್ ಬಂದ ದಿನ ನಮ್ಮ ಮನೆಯಲ್ಲಿ ಯಾರೂ ಮೊದಲು ಜನವರಿ ನೋಡುವುದಿಲ್ಲ. ಅದು ಗೋಡೆಯ ಮೊಳೆಗೆ ಏರುವ ಮುಂಚೆಯೇ ಕೈಯಿಂದ ಕೈಗೆ ಹೋಗುತ್ತದೆ. ಹನ್ನೆರಡು ಹಾಳೆಗಳ ಕೆಂಪು ಅಂಕಿಗಳ ತಪಾಸಣೆ ನಡೆಯುತ್ತದೆ. ದೇಶದ ಮಹನೀಯರೆಲ್ಲ ಈ ಪರೀಕ್ಷೆಗೆ ಕೂರಲೇಬೇಕು. ಜಯಂತಿ ಸೋಮವಾರ ಅಥವಾ ಶುಕ್ರವಾರ ಬಂದರೆ ಪ್ರಥಮ ದರ್ಜೆ. ಬುಧವಾರದವರಿಗೆ ಬರೀ ಪಾಸು. ಹಿಂದೆ ಮುಂದೆ ಒಂದು ಸಿ.ಎಲ್. ಹಾಕಿದರೂ ಊರಿಗೆ ಹೋಗಿಬರಲು ಸಾಲದು. ಭಾನುವಾರಕ್ಕೆ ಬಿದ್ದ ಮಹನೀಯರ ಬಗ್ಗೆ ಮನೆಯಲ್ಲಿ ಆಡುವ ಮಾತನ್ನು ಬರೆಯುವ ಹಾಗಿಲ್ಲ.

2025ರ ಫಲಿತಾಂಶ ಬಂದಾಗ ದೊಡ್ಡ ಗದ್ದಲವೇ ಆಯಿತು. ಅಕ್ಟೋಬರ್ 2ಕ್ಕೆ ಗಾಂಧಿ ಜಯಂತಿ, ಅವತ್ತೇ ವಿಜಯದಶಮಿ. ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡುವ ನನ್ನ ಬಾಮೈದ ಕ್ಯಾಲೆಂಡರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ, ಕೆಂಪು ಬಣ್ಣ ಹಿಂದಿನ ಹಾಳೆಯದ್ದೇನಾದರೂ ಇರಬಹುದೆಂಬ ಆಸೆಯಿಂದ. “ಭಾವ, ಒಂದು ರಜೆ ಮುಳುಗಿತು. ಚಾಮುಂಡೇಶ್ವರಿಗೆ ಮುಂದಿನ ವಾರ ಬಾಮ್ಮಾ ಅನ್ನೋಕಾಗಲ್ಲ. ಗಾಂಧೀಜಿಯಾದರೂ ಸ್ವಲ್ಪ ಸರಿದು ಜಾಗ ಬಿಡಬಹುದಿತ್ತು” ಎಂದ.

ಸರಿಯಲು ಅವರಿಗೆ ಅಡ್ಡಿಯೇನೂ ಇರಲಿಲ್ಲ ಎಂದು ನಾನು ವಿವರಿಸಿದೆ. ಗಾಂಧೀಜಿ ಹುಟ್ಟಿದ್ದು 1869ರ ಅಕ್ಟೋಬರ್ 2ರಂದು ನಿಜ. ಆದರೆ ಗುಜರಾತಿನಲ್ಲಿ ಅದನ್ನು ಪಂಚಾಂಗದ ಲೆಕ್ಕದಲ್ಲೂ ಆಚರಿಸುತ್ತಾರೆ: ಭಾದ್ರಪದ ಬಹುಳ ದ್ವಾದಶಿ. ಅವರ ಕಡೆ ಅದು ರೆಂಟಿಯಾ ಬಾರಸ್, ಅಂದರೆ ಚರಕದ ದ್ವಾದಶಿ. ನನ್ನ ಹುಟ್ಟುಹಬ್ಬ ಮಾಡುವ ಬದಲು ಚರಕದ ಹಬ್ಬ ಮಾಡಿ, ಕೂತು ನೂಲಿ ಎಂಬುದು ಗಾಂಧೀಜಿಯ ಇಷ್ಟವಾಗಿತ್ತು. ನಾವು ಪಂಚಾಂಗವನ್ನೇ ಹಿಡಿದಿದ್ದರೆ ಗಾಂಧಿ ಜಯಂತಿ ಪ್ರತಿವರ್ಷ ಪಿತೃಪಕ್ಷದಲ್ಲೇ ಬರುತ್ತಿತ್ತು. ದಸರೆಯ ಮೈಗೆ ತಾಗುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಬಾಮೈದ ಗಂಭೀರವಾಗಿ ಯೋಚಿಸಿದ. “ರಜೆ ಉಳೀತಿತ್ತು. ಆದರೆ ಪಕ್ಷದಲ್ಲಿ ಟೂರ್ ಹೊರಡ್ತೀವಿ ಅಂದರೆ ಅಕ್ಕ ಒಪ್ಪಲ್ಲ” ಎಂದ. ಕೂತು ನೂಲುವ ವಿಷಯ ಅವನ ಕಿವಿಗೆ ಬಿದ್ದಂತೆ ಕಾಣಲಿಲ್ಲ.

ಅವನಿಗೆ ನಿಜವಾಗಿ ಮೆಚ್ಚುಗೆಯಾದದ್ದು ಅಮೆರಿಕದವರ ವ್ಯವಸ್ಥೆ. ಜಾರ್ಜ್ ವಾಷಿಂಗ್ಟನ್ನರ ಜನ್ಮದಿನ ಫೆಬ್ರುವರಿ 22. ವಾರದ ಮಧ್ಯೆ ಬಂದು ಎಲ್ಲರಿಗೂ ತೊಂದರೆ ಕೊಡುತ್ತದೆಂದು ಅಲ್ಲಿನ ಸಂಸತ್ತು 1968ರಲ್ಲಿ ಒಂದು ಕಾನೂನು ಮಾಡಿ, 1971ರಿಂದ ಆ ರಜೆಯನ್ನು ಫೆಬ್ರುವರಿಯ ಮೂರನೇ ಸೋಮವಾರಕ್ಕೆ ಕಟ್ಟಿಹಾಕಿತು. ಈಗ ಲೆಕ್ಕ ಹಾಕಿ ನೋಡಿ: ಯಾವ ತಿಂಗಳಾದರೂ ಮೂರನೇ ಸೋಮವಾರ 15ರಿಂದ 21ರ ಒಳಗೇ ಬರಬೇಕು. ಹಾಗಾಗಿ ವಾಷಿಂಗ್ಟನ್ನರ ಹುಟ್ಟುಹಬ್ಬದ ರಜೆ ಅವರು ಹುಟ್ಟಿದ ದಿನ ಎಂದೆಂದಿಗೂ ಬೀಳುವುದಿಲ್ಲ. ನ್ಯೂಜೆರ್ಸಿಯಲ್ಲಿರುವ ನಮ್ಮ ಅಣ್ಣನ ಮಗಳು ಹೇಳುವ ಪ್ರಕಾರ ಆ ವಾರ ಹಾಸಿಗೆ, ಫ್ರಿಜ್ಜು, ಕಾರುಗಳಿಗೆ ಭಾರಿ ರಿಯಾಯಿತಿ. ಅವಳ ಮನೆಯ ದೊಡ್ಡ ಹಾಸಿಗೆ ವಾಷಿಂಗ್ಟನ್ನರ ಕೃಪೆ. “ಪ್ರಜಾಪ್ರಭುತ್ವ ಅಂದರೆ ಇದು ನೋಡಿ ಭಾವ” ಎಂದ ಬಾಮೈದ. ಅವನ ಕಣ್ಣಲ್ಲಿ ನೀರಿತ್ತು ಎಂದರೆ ಉತ್ಪ್ರೇಕ್ಷೆಯಾದೀತು.

ನಮ್ಮಲ್ಲೂ ರಜೆಯ ಮೇಲೆ ಕತ್ತರಿ ಆಡಿಸಿದವರಿದ್ದಾರೆ. ಉತ್ತರ ಪ್ರದೇಶ ಸರ್ಕಾರ 2017ರಲ್ಲಿ ಮಹನೀಯರ ಹೆಸರಿನ 15 ರಜೆಗಳನ್ನು ಒಟ್ಟಿಗೆ ರದ್ದು ಮಾಡಿತು; ಆ ದಿನ ಶಾಲೆ ನಡೆಸಿ, ಮಕ್ಕಳಿಗೆ ಆ ಮಹನೀಯರ ಬಗ್ಗೆ ಹೇಳಿಕೊಡಿ ಎಂದಿತು. ತರ್ಕ ಸರಿಯಾಗಿಯೇ ಇದೆ. ಆದರೆ ಒಬ್ಬ ನಾಯಕನನ್ನು ಮಗು ಪ್ರೀತಿಸುವುದು ಅವನಿಂದಾಗಿ ಶಾಲೆಗೆ ರಜೆ ಸಿಕ್ಕಿದ್ದಕ್ಕೋ, ಅವನ ಬಗ್ಗೆ ಒಂದು ಗಂಟೆ ಹೆಚ್ಚು ಪಾಠ ಕೇಳಿದ್ದಕ್ಕೋ ಎಂಬುದರಲ್ಲಿ, ಬಹಳ ಕಾಲ ಮೇಷ್ಟರಾಗಿದ್ದ ನನಗೆ ಸಂದೇಹವಿಲ್ಲ.

ರಜೆಯ ಭಾಗ್ಯವಿಲ್ಲದ ಮಹನೀಯರೂ ಇದ್ದಾರೆ. ಸೆಪ್ಟೆಂಬರ್ 5 ರಾಧಾಕೃಷ್ಣನ್ನರದು, 15 ವಿಶ್ವೇಶ್ವರಯ್ಯನವರದು. ಎರಡೂ ದಿನ ಕೆಲಸವುಂಟು. ಇದರಲ್ಲಿ ಒಂದು ನ್ಯಾಯವಿದೆ. ಕೈಗೆ ಗಡಿಯಾರ ಕಟ್ಟಿಕೊಂಡೇ ಹುಟ್ಟಿದರೇನೋ ಎನ್ನುವಂತೆ ಬದುಕಿದ ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ರಜೆ ಕೊಟ್ಟಿದ್ದರೆ ಅವರು ಅದನ್ನು ವಾಪಸು ಮಾಡಿ ಒಂದು ಖಾರವಾದ ಪತ್ರ ಬರೆಯುತ್ತಿದ್ದರು. ಬದಲಿಗೆ ಅವರಿಗೆ ಅಂಚೆಚೀಟಿ ಸಿಕ್ಕಿತು, ಅದೂ ಬದುಕಿದ್ದಾಗಲೇ. ಜೀವಂತ ಭಾರತೀಯರ ಪೈಕಿ ನಮ್ಮ ಅಂಚೆಚೀಟಿಯ ಮೇಲೆ ಮೊದಲು ಬಂದವರು ಮಹರ್ಷಿ ಕರ್ವೆ, 1958ರಲ್ಲಿ. ಎರಡು ವರ್ಷದ ಮೇಲೆ, 1960ರ ಸೆಪ್ಟೆಂಬರ್ 15ರಂದು, ವಿಶ್ವೇಶ್ವರಯ್ಯನವರ ಸರದಿ. ತಮ್ಮ ಮುಖಕ್ಕೆ ತಾವೇ ಎಂಜಲು ಹಚ್ಚಿ ಲಕೋಟೆಗೆ ಅಂಟಿಸುವ ಅವಕಾಶ ಲೋಕದಲ್ಲಿ ಎಷ್ಟು ಜನಕ್ಕೆ ಸಿಗುತ್ತದೆ?

ಇಂಥ ಚಿಲ್ಲರೆ ಸಂಗತಿಗಳೆಂದರೆ ನನಗೆ ಪ್ರಾಣ. ದೊಡ್ಡವರ ದೊಡ್ಡ ಕೆಲಸಗಳು ಪಠ್ಯಪುಸ್ತಕದಲ್ಲಿ ಭದ್ರವಾಗಿರುತ್ತವೆ; ಮನಸ್ಸಿನಲ್ಲಿ ಉಳಿಯುವುದು ಮಾತ್ರ ಮೊರಾರ್ಜಿ ದೇಸಾಯಿಯವರು ಫೆಬ್ರುವರಿ 29ರಂದು ಹುಟ್ಟಿದ್ದರಿಂದ ನಾಲ್ಕು ವರ್ಷಕ್ಕೊಮ್ಮೆ ಹುಟ್ಟುಹಬ್ಬ ಎಂಬುದು. ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿಕೊಂಡು ಸ್ಪರ್ಧಾ ಪರೀಕ್ಷೆಗೆ ಓದುವ ಹುಡುಗರನ್ನು ಕೇಳಿ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಯಾವುದು ಎಂಬುದಕ್ಕೆ ನಿದ್ದೆಯಲ್ಲೂ ‘ಬೆಳಗಾವಿ, 1924’ ಎನ್ನುತ್ತಾರೆ. ಆ ಒಂದು ಅಂಕದಿಂದ ನೌಕರಿ ಸಿಕ್ಕವರೂ ಇರಬಹುದು. ಆದರೆ ಆ ಅಧಿವೇಶನದಲ್ಲಿ ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊಳಗಿದ್ದು, ಆಗಿನ್ನೂ ಹುಡುಗಿಯಾಗಿದ್ದ ಗಂಗೂಬಾಯಿ ಹಾನಗಲ್ಲರು ಗಾಂಧೀಜಿಯ ಮುಂದೆ ಹಾಡಿದ್ದು, ತಮಗಾಗಿ ಕಟ್ಟಿದ ಬಿಡಾರ ನೋಡಿ ಗಾಂಧೀಜಿ, ನಾನು ಕೇಳಿದ್ದು ಖಾದಿ ಗುಡಿಸಲು, ಇವರು ಕಟ್ಟಿದ್ದು ಖಾದಿ ಅರಮನೆ ಎಂಬರ್ಥದಲ್ಲಿ ಗೊಣಗಿದ್ದು, ಇವು ಯಾವ ಪರೀಕ್ಷೆಗೂ ಬರುವುದಿಲ್ಲವಾದ್ದರಿಂದ ಯಾರೂ ಓದುವುದಿಲ್ಲ.

ಚಿಲ್ಲರೆ ಸಂಗತಿಗಳಲ್ಲಿ ಎರಡು ಜಾತಿ. ಒಂದು ಅಭಿಮಾನಿಗಳು ಕಟ್ಟಿದ್ದು, ಇನ್ನೊಂದು ಸ್ವತಃ ನಾಯಕರೇ ಬಾಯಿಬಿಟ್ಟದ್ದು. ಅಭಿಮಾನಿಗಳು ಕಟ್ಟಿದ್ದಕ್ಕೆ ಕಾಲು ಇರುತ್ತದೆ, ಒಬ್ಬರಿಂದ ಇನ್ನೊಬ್ಬರಿಗೆ ನಡೆದು ಹೋಗುತ್ತದೆ. ಸರ್ಕಾರಿ ಕೆಲಸಕ್ಕೆ ಸರ್ಕಾರದ ಮೇಣದಬತ್ತಿ, ಸ್ವಂತ ಕೆಲಸಕ್ಕೆ ಸ್ವಂತ ಮೇಣದಬತ್ತಿ ಹಚ್ಚುತ್ತಿದ್ದ ಕಥೆಯನ್ನು ನಾವು ವಿಶ್ವೇಶ್ವರಯ್ಯನವರದೆಂದು ಕಲಿತೆವು. ಅದೇ ಕಥೆ ಎಣ್ಣೆಯ ದೀಪದೊಂದಿಗೆ ಚಾಣಕ್ಯನ ಹೆಸರಿನಲ್ಲೂ ಓಡಾಡುತ್ತಿದೆ. ಇಷ್ಟು ಜನರ ಕೈ ಬದಲಾಯಿಸಿಯೂ ಆ ಬತ್ತಿ ಇನ್ನೂ ಮುಗಿದಿಲ್ಲ ಎಂಬುದೇ ಸೋಜಿಗ. ವಾಷಿಂಗ್ಟನ್ ಬಾಲ್ಯದಲ್ಲಿ ಅಪ್ಪನ ಚೆರ್ರಿ ಗಿಡ ಕಡಿದು ನಿಜ ಒಪ್ಪಿಕೊಂಡ ಕಥೆಯನ್ನು ನಮ್ಮ ಮಕ್ಕಳೂ ಓದಿರುತ್ತಾರೆ. ಅದು ಜೀವನಚರಿತ್ರೆ ಬರೆದ ವೀಮ್ಸ್ ಎಂಬ ಪಾದ್ರಿಯ ಕೈವಾಡ. ವಾಷಿಂಗ್ಟನ್ ಸತ್ತದ್ದು 1799ರಲ್ಲಿ, ಗಿಡ ಪುಸ್ತಕದಲ್ಲಿ ಚಿಗುರಿದ್ದು 1806ರ ಮುದ್ರಣದಲ್ಲಿ. ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಕಲಿಸಲು ಆತ ಸರಾಗವಾಗಿ ಒಂದು ಸುಳ್ಳು ಹೇಳಿದ.

ಗಾಂಧೀಜಿಯದು ಎರಡನೇ ಜಾತಿ. ಇನ್‌ಸ್ಪೆಕ್ಟರ್ ಜೈಲ್ಸ್ ಬಂದಾಗ ‘ಕೆಟಲ್’ ಪದದ ಕಾಗುಣಿತ ತಪ್ಪಿದ್ದು, ಪಕ್ಕದವನದನ್ನು ನೋಡಿ ಬರೆ ಎಂದು ಮೇಷ್ಟ್ರು ಬೂಟುಗಾಲಿನಿಂದ ತಿವಿದರೂ ಅರ್ಥವಾಗದೇ ಹೋದದ್ದು, ಬೀಡಿಯ ಮೋಟು ಸೇದಿದ್ದು, ಕದ್ದು ಮಾಂಸ ತಿಂದ ರಾತ್ರಿ ಹೊಟ್ಟೆಯೊಳಗೆ ಆಡು ಅರಚಿದಂತಾದದ್ದು, ಎಲ್ಲವನ್ನೂ ಹೇಳಿದವರು ಅವರೇ. ಅಭಿಮಾನಿಗಳಿಗೆ ಸೇರಿಸಲು ಏನನ್ನೂ ಉಳಿಸಲಿಲ್ಲ. ಇದೊಂದು ಜಾಣತನವೇ ಇರಬೇಕೆಂದು ನನಗೆ ಅನುಮಾನ.

ಶಾಲೆಯ ವೇಷಭೂಷಣ ಸ್ಪರ್ಧೆಯಲ್ಲೂ ಅವರೇ ಮುಂದು. ಕಾರಣ ದೇಶಭಕ್ತಿಯಲ್ಲ, ಖರ್ಚು. ಕಿತ್ತೂರು ಚೆನ್ನಮ್ಮನಿಗೆ ಒಡವೆ, ಕತ್ತಿ, ಬೆಳ್ಳಿ ಕಾಗದ ಅಂಟಿಸಿದ ಗುರಾಣಿ ಬೇಕು. ಸುಭಾಷರ ಸಮವಸ್ತ್ರವನ್ನು ಬಾಡಿಗೆಗೆ ತರಬೇಕು. ಅಂಬೇಡ್ಕರರಿಗೆ ನೀಲಿ ಕೋಟು ಹೊಲಿಸಬೇಕು, ಕೈಗೆ ದಪ್ಪ ಪುಸ್ತಕ ಕೊಡಬೇಕು; ಟೆಲಿಫೋನ್ ಡೈರೆಕ್ಟರಿಗಳು ಬರುವುದು ನಿಂತಮೇಲೆ ಅದೂ ಕಷ್ಟವಾಗಿದೆ. ನೆಹರೂಗೆ ಒಂದು ಗುಲಾಬಿಯಾದರೂ ಬೇಕೇ ಬೇಕು. ಗಾಂಧೀಜಿಗೆ ಅಪ್ಪನ ಪಂಚೆ, ತಾತನ ಕೋಲು, ತಂತಿ ಬಗ್ಗಿಸಿ ಮಾಡಿದ ಕನ್ನಡಕ. ಹೀಗಾಗಿ ಪ್ರತಿ ಶಾಲೆಯಲ್ಲೂ ಬೆಳಗಿನ ಚಳಿಗೆ ನಡುಗುವ ಹತ್ತಾರು ಗಾಂಧಿಗಳು ಸಾಲಾಗಿ ನಿಂತು, ಬಹುಮಾನ ಚೆನ್ನಮ್ಮನಿಗೆ ಹೋಗುವುದನ್ನು ನೋಡುತ್ತಾರೆ.

ಅಗ್ಗದ್ದಕ್ಕೆಲ್ಲ ಅವರ ಹೆಸರು ಅಂಟುವುದು ಹೊಸತಲ್ಲ. ನಮ್ಮ ಕಾಲದ ಟಾಕೀಸುಗಳಲ್ಲಿ ಪರದೆಗೆ ಮೂಗು ತಾಗುವಷ್ಟು ಮುಂದಿನ ಬೆಂಚುಗಳಿಗೆ ಗಾಂಧಿ ಕ್ಲಾಸ್ ಎನ್ನುತ್ತಿದ್ದರು. ಬೆಂಗಳೂರಿನಲ್ಲಿ ಇಡೀ ಚಿತ್ರೋದ್ಯಮಕ್ಕೇ ಗಾಂಧಿನಗರ ಎಂಬ ಹೆಸರು ಕಾಯಂ ಆಯಿತು. ಹಿಂದಿ ಚಿತ್ರಗಳ ಪೈಕಿ ಆ ಮನುಷ್ಯ ಜೀವಮಾನದಲ್ಲಿ ನೋಡಿದ್ದು ‘ರಾಮರಾಜ್ಯ’ ಒಂದೇ.

ಇನ್ನು ನೆನಪಿನ ವಸ್ತುಗಳು. 1969ರಲ್ಲಿ ಗಾಂಧಿ ಶತಮಾನೋತ್ಸವಕ್ಕೆ ಸರ್ಕಾರ ಅವರ ಮುಖವಿದ್ದ ನಾಣ್ಯಗಳನ್ನು ಹೊರಡಿಸಿತು: ಬೆಳ್ಳಿಯ ಹತ್ತು ರೂಪಾಯಿ, ಒಂದು ರೂಪಾಯಿ, ಐವತ್ತು ಪೈಸೆ, ಹಳದಿ ಲೋಹದ ಇಪ್ಪತ್ತು ಪೈಸೆ. ಅದೇ ಹೊತ್ತಿಗೆ ಕಮಲದ ಹೂವಿದ್ದ ಇಪ್ಪತ್ತು ಪೈಸೆಯೂ ಬಂತು, ಅದೂ ಹಳದಿ. ಇದರಲ್ಲಿ ಚಿನ್ನ ಬೆರೆಸಿದ್ದಾರಂತೆ ಎಂಬ ಸುದ್ದಿ ನಮ್ಮ ಬೀದಿಯಲ್ಲಿ ಹಬ್ಬಿ, ಹೆಂಗಸರು ಸಿಕ್ಕಷ್ಟನ್ನು ಕೂಡಿಟ್ಟರು. ನಮ್ಮ ಅಜ್ಜಿಯದಂತೂ ಲಕ್ಷ್ಮೀಪೂಜೆಗೆ ನೂರೆಂಟು ಕಮಲದ ನಾಣ್ಯ ಕೂಡಿಸುವ ಸಂಕಲ್ಪ. ಸಂಖ್ಯೆ ತುಂಬಲಿಲ್ಲ, ಕೊರತೆಯನ್ನು ಗಾಂಧಿ ನಾಣ್ಯಗಳಿಂದ ತುಂಬಿಸಿದರು. ವರಮಹಾಲಕ್ಷ್ಮಿಯ ದಿನ ಒಂದೊಂದಕ್ಕೂ ಕುಂಕುಮ ಏರಿಸುತ್ತಾ ಬಂದಾಗ ಗಾಂಧೀಜಿಯ ಬೋಳುತಲೆಗೂ ಬೀಳುತ್ತಿತ್ತು. ತಾತ ಕಟ್ಟಾ ಕಾಂಗ್ರೆಸ್ಸಿಗರು, ಖಾದಿ ಬಿಟ್ಟು ಬೇರೆ ತೊಟ್ಟವರಲ್ಲ. “ಏನೇ ಇದು?” ಎಂದು ಕೇಳಿದರು. “ಅವರ ಮುಖ ಇರೋ ದುಡ್ಡು ದುಡ್ಡಲ್ವೇನ್ರೀ? ದುಡ್ಡು ಲಕ್ಷ್ಮಿ ಅಲ್ವೇನ್ರೀ?” ಎಂದರು ಅಜ್ಜಿ. ತಾತನ ಬಳಿ ಉತ್ತರವಿರಲಿಲ್ಲ. ರಿಸರ್ವ್ ಬ್ಯಾಂಕಿನ ಬಳಿಯೂ ಇರಲಾರದು.

ನೋಟಿನ ಮೇಲಿನ ಗಾಂಧಿಯನ್ನು ನಾವು ದಿನಾ ನೋಡುತ್ತೇವೆ, ನೋಡುವುದೂ ಇಲ್ಲ. ಆ ಮುಖ ಯಾರೋ ಕಲಾವಿದ ಕೂತು ಬರೆದದ್ದೆಂದು ಹಲವರ ನಂಬಿಕೆ. ಅದು 1946ರಲ್ಲಿ ದೆಹಲಿಯ ವೈಸ್‌ರಾಯ್ ನಿವಾಸದಲ್ಲಿ ತೆಗೆದ ಒಂದು ಫೋಟೋದಿಂದ ಕತ್ತರಿಸಿ ತೆಗೆದದ್ದು. ಪಕ್ಕದಲ್ಲಿ ಬ್ರಿಟಿಷ್ ಸಂಪುಟ ನಿಯೋಗದ ಲಾರ್ಡ್ ಪೆಥಿಕ್ ಲಾರೆನ್ಸ್ ಇದ್ದರು. ಅವರನ್ನು ಚೌಕಟ್ಟಿನಿಂದ ಆಚೆ ಕಳಿಸಿ, ನಗುವನ್ನು ಮಾತ್ರ ಉಳಿಸಿಕೊಂಡೆವು. 1996ರ ಸರಣಿಯಿಂದೀಚೆಗೆ ರಿಸರ್ವ್ ಬ್ಯಾಂಕಿನ ನೋಟುಗಳಲ್ಲೆಲ್ಲ ಅದೇ ನಗು. ತಿಂಗಳ ಕೊನೆಯಲ್ಲಿ ಪರ್ಸು ತೆರೆದಾಗ ಅದು ಸ್ವಲ್ಪ ಹೆಚ್ಚೇ ಆದಂತೆ ಕಾಣುತ್ತದೆ.

ಅಂಚೆಚೀಟಿಯ ಕಥೆ ಇದಕ್ಕಿಂತ ಸ್ವಾರಸ್ಯ. ಸ್ವತಂತ್ರ ಭಾರತದ ಮೊದಲ ಗಾಂಧಿ ಚೀಟಿಗಳು ಹೊರಬಂದದ್ದು 1948ರ ಆಗಸ್ಟ್ 15ರಂದು. ಸ್ವದೇಶಿಗಾಗಿ ಬದುಕೆಲ್ಲ ಹೋರಾಡಿದವರ ಚೀಟಿ ಅಚ್ಚಾದದ್ದು ಸ್ವಿಟ್ಜರ್ಲೆಂಡಿನಲ್ಲಿ. ಅದರಲ್ಲಿ ಹತ್ತು ರೂಪಾಯಿಯ ಕೆಲವು ಚೀಟಿಗಳ ಮೇಲೆ ‘ಸರ್ವಿಸ್’ ಎಂದು ಅಚ್ಚೊತ್ತಿ ಗವರ್ನರ್ ಜನರಲ್ ಕಚೇರಿಗೆ ಕೊಟ್ಟಿದ್ದರು. ಅಂಥ ನಾಲ್ಕು ಚೀಟಿಗಳ ಒಂದು ಸಾಲು 2017ರಲ್ಲಿ ಐದು ಲಕ್ಷ ಪೌಂಡಿಗೆ ಮಾರಾಟವಾಯಿತು.

ಗಾಂಧೀಜಿ ಇದ್ದಿದ್ದರೆ ಏನೆನ್ನುತ್ತಿದ್ದರು ಎಂದು ಇಲ್ಲಿ ನಿಟ್ಟುಸಿರು ಬಿಡುವುದು ವಾಡಿಕೆ. ನನಗೇನೋ ಅವರು ಬೆಲೆ ಸಾಲದು ಎನ್ನುತ್ತಿದ್ದರೆಂದು ಗುಮಾನಿ. ನೆನಪಿನ ವಸ್ತುಗಳ ವ್ಯಾಪಾರದಲ್ಲಿ ಅವರನ್ನು ಮೀರಿಸಿದವರಿಲ್ಲ. ಹಸ್ತಾಕ್ಷರ ಬೇಕೆಂದವರಿಂದ ಐದು ರೂಪಾಯಿ ವಸೂಲಿ, ಹರಿಜನ ನಿಧಿಗೆ. ಸಭೆಯಲ್ಲಿ ಓದಿ ಒಪ್ಪಿಸಿದ ಮಾನಪತ್ರ, ಅದನ್ನಿಟ್ಟ ಬೆಳ್ಳಿಯ ಕರಂಡಕ, ಕೊರಳ ಹಾರ ಎಲ್ಲವನ್ನೂ ಅದೇ ವೇದಿಕೆಯ ಮೇಲೆ ಹರಾಜಿಗೆ ಹಾಕುತ್ತಿದ್ದರು. ಕೊಟ್ಟವರ ಎದುರಿಗೇ, ಕೊಟ್ಟವರಿಗೇ. ಕೊಡಗಿನ ಗೌರಮ್ಮನವರದು ಇದರಲ್ಲೂ ಬೇರೆಯೇ ಪ್ರಸಂಗ. 1934ರ ಪ್ರವಾಸದಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ನಮ್ಮ ಮನೆಗೂ ಬರಬೇಕೆಂದು ಆ ಕಥೆಗಾರ್ತಿ ಉಪವಾಸ ಕೂತರು. ಉಪವಾಸದ ಗುರುವಿಗೇ ಉಪವಾಸದ ಬಿಸಿ. ಗಾಂಧೀಜಿ ಬಂದರು, ಗೌರಮ್ಮ ಒಡವೆಗಳನ್ನು ಬಿಚ್ಚಿ ನಿಧಿಗೆ ಕೊಟ್ಟರು. ಕೈಗೆ ಬಂದ ಯಾವುದೂ ಕಪಾಟಿನಲ್ಲಿ ಕೂತು ದೂಳು ತಿನ್ನಲು ಆ ಮನುಷ್ಯ ಬಿಟ್ಟದ್ದೇ ಇಲ್ಲ.

ಕಪಾಟು ಸೇರಿಸಿದವರು ನಾವು. 2009ರಲ್ಲಿ ಅವರ ಕನ್ನಡಕ, ಚಪ್ಪಲಿ, ಗಡಿಯಾರ, ತಟ್ಟೆ ಬಟ್ಟಲು ನ್ಯೂಯಾರ್ಕಿನಲ್ಲಿ ಹರಾಜಿಗೆ ಬಂದವು. ದೇಶವೆಲ್ಲ ಹೌಹಾರಿತು. ಕೊನೆಗೆ 18 ಲಕ್ಷ ಡಾಲರ್ ಕೊಟ್ಟು ಮಾನ ಕಾಪಾಡಿದವರು ನಮ್ಮ ಮದ್ಯೋದ್ಯಮಿ ವಿಜಯ್ ಮಲ್ಯ. ಪಾನನಿಷೇಧದ ಪ್ರವರ್ತಕನ ಚಪ್ಪಲಿಯನ್ನು ಬಿಯರಿನ ದುಡ್ಡು ಬಿಡಿಸಿಕೊಂಡಿತು. 2020ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹರಾಜು ಕಂಪನಿಯ ಅಂಚೆಪೆಟ್ಟಿಗೆಯಲ್ಲಿ ಯಾರೋ ಒಂದು ಲಕೋಟೆ ಸಿಕ್ಕಿಸಿ ಹೋಗಿದ್ದರು. ಒಳಗೆ ಗಾಂಧೀಜಿಯ ಇನ್ನೊಂದು ಕನ್ನಡಕ. ಅದು 2,60,000 ಪೌಂಡಿಗೆ ಹೋಯಿತು.

ಇದಕ್ಕಿಂತ ನನಗೆ ಮೆಚ್ಚುಗೆಯಾಗುವುದು ಡಿಸೆಂಬರ್ 6ರ ಮುಂಬಯಿಯ ಚೈತ್ಯಭೂಮಿ. ಅಂಬೇಡ್ಕರರಿಗೆ ನಮಿಸಲು ಕಲಬುರಗಿ, ಬೀದರದ ಕಡೆಯಿಂದಲೂ ರೈಲು ತುಂಬಿ ಹೋಗುತ್ತಾರೆ. ಅಲ್ಲೂ ಬ್ಯಾಡ್ಜು, ಪಟ, ಕ್ಯಾಲೆಂಡರುಗಳಿವೆ. ಆದರೆ ಸಾಲುಸಾಲು ಅಂಗಡಿಗಳಲ್ಲಿ ಎದ್ದು ಕಾಣುವ ಸರಕು ಪುಸ್ತಕ. ಜಾತ್ರೆಯಿಂದ ಬೆಂಡುಬತ್ತಾಸು ತರುವ ಹಾಗೆ ಜನ ಪುಸ್ತಕ ಹೊತ್ತು ಊರಿಗೆ ಮರಳುತ್ತಾರೆ.

ನನ್ನ ಮನೆಗೆ ಬಂದಿರುವುದು ಪುಸ್ತಕಗಳಲ್ಲ, ನೆನಪಿನ ಕಾಣಿಕೆಗಳು. ಕೈಕಟ್ಟಿ ನಿಂತ ಫೈಬರ್ ವಿವೇಕಾನಂದರು ಮೂವರಿದ್ದಾರೆ. ಗಾಜಿನೊಳಗೆ ಕೂತ ಬಸವಣ್ಣನವರಿದ್ದಾರೆ. 2021ರ ಆಗಸ್ಟಿನಲ್ಲಿ ಕರ್ನಾಟಕ ಸರ್ಕಾರ, ತನ್ನ ಕಾರ್ಯಕ್ರಮಗಳಲ್ಲಿ ಹಾರ ತುರಾಯಿ ಶಾಲುಗಳು ಬೇಡ, ಬೇಕಿದ್ದರೆ ಕನ್ನಡ ಪುಸ್ತಕ ಕೊಡಿ ಎಂದು ಸುತ್ತೋಲೆ ಹೊರಡಿಸಿದಾಗ ಅತಿ ಹೆಚ್ಚು ಸಂತೋಷಪಟ್ಟವಳು ಗೃಹಿಣಿಯಾದ ನನ್ನ ಹೆಂಡತಿ. ಖಾಸಗಿ ಸಂಘಸಂಸ್ಥೆಗಳಿಗೆ ಸುತ್ತೋಲೆ ಮುಟ್ಟಿಲ್ಲ ಎಂದು ಆಮೇಲೆ ತಿಳಿಯಿತು.

ಕಷ್ಟವೆಂದರೆ ಇವನ್ನು ಎಸೆಯಲಾಗದು. ಗುಜರಿಯವನು ಗಾಜು ಕಂಡರೆ ಕೈ ಮುಗಿಯುತ್ತಾನೆ. ದೇವರ ಪಟ ಒಡೆದರೆ ಶಾಸ್ತ್ರ ಸ್ಪಷ್ಟವಾಗಿದೆ, ಅಶ್ವತ್ಥಕಟ್ಟೆಯ ಬುಡದಲ್ಲಿಟ್ಟು ಹಿಂದಿರುಗಿ ನೋಡದೆ ಬರುವುದು. ನಾಯಕರಿಗೆ ಯಾವ ಮರ? ನಮ್ಮ ಬಡಾವಣೆಯಲ್ಲಿ ಯಾರೋ ಈ ಧರ್ಮಸಂಕಟಕ್ಕೆ ಸಿಕ್ಕಿ ಕೊನೆಗೆ ಕಟ್ಟೆಗೇ ತಂದಿಟ್ಟರು. ಒಂದು ಬೆಳಗ್ಗೆ ನೋಡಿದರೆ ಗಾಜು ಬಿರಿದ ವೆಂಕಟರಮಣ, ಬಣ್ಣ ಹಾರಿದ ಸತ್ಯನಾರಾಯಣರ ನಡುವೆ ಲಾಲ್ ಬಹದ್ದೂರ್ ಶಾಸ್ತ್ರಿಗಳು ಟೋಪಿ ಹಾಕಿಕೊಂಡು ಕೂತಿದ್ದರು. ಹೆಂಗಸರು ಪ್ರದಕ್ಷಿಣೆ ಹಾಕುತ್ತಿದ್ದರು. ಕಸ ಗುಡಿಸುವ ಜಯಮ್ಮ ಪೊರಕೆ ಊರಿಕೊಂಡು ಯೋಚಿಸುತ್ತಿದ್ದಳು. “ದೇವ್ರಾದ್ರೆ ಗಾಡಿ ಬತ್ತದೆ ಸಾ, ಒಟ್ಟಿಗೆ ತಗೊಂಡೋಯ್ತಾರೆ. ಇವ್ರುನ್ನ ಯಾವ ಗಾಡಿಗೆ ಹಾಕ್ಬೇಕೂಂತ ನಮ್ಗೆ ಯೋಳಿಲ್ಲ” ಎಂದಳು.

ಪಾಪ, ಶಾಸ್ತ್ರಿಗಳಿಗೆ ಇದು ಅಭ್ಯಾಸವಾಗಿರಬೇಕು. ಅವರೂ ಹುಟ್ಟಿದ್ದು ಅಕ್ಟೋಬರ್ 2ರಂದೇ, 1904ರಲ್ಲಿ. ಗಾಂಧೀಜಿಯ ದೊಡ್ಡ ಫೋಟೋದ ಪಕ್ಕ ಒಂದು ಚಿಕ್ಕ ಫೋಟೋ, ದೊಡ್ಡ ಹಾರದಲ್ಲಿ ಮಿಕ್ಕ ಹೂವಿನ ಒಂದು ಚಿಕ್ಕ ಹಾರ, ಭಾಷಣದ ಕೊನೆಗೆ ಒಂದು ಸಾಲು. ನಮ್ಮ ಆಲಮಟ್ಟಿ ಅಣೆಕಟ್ಟೆಗೆ 1964ರಲ್ಲಿ ಅಡಿಗಲ್ಲು ಇಟ್ಟವರು ಅವರು. ಜಲಾಶಯಕ್ಕೆ ಅವರದೇ ಹೆಸರಿದೆ. ಅಷ್ಟು ನೀರಿನ ಒಡೆಯ ಕಟ್ಟೆಯ ಮೇಲೆ ಗಾಡಿಗೆ ಕಾಯುತ್ತಿದ್ದರು.

ಎದುರಿನ ದರ್ಶಿನಿಯ ಯಜಮಾನರು ಕುಂದಾಪುರದ ಕಡೆಯವರು. ಹಾಲಿನ ಕ್ರೇಟು ಇಳಿಸಿಕೊಳ್ಳುತ್ತಿದ್ದವರು ರಸ್ತೆ ದಾಟಿ ಬಂದು ನೋಡಿದರು. “ಅಯ್ಯೋ, ಶಾಸ್ತ್ರಿಗಳಲ್ಲವಾ ಮಾರಾಯ್ರೆ! ನಮ್ಮ ಅಪ್ಪಯ್ಯ ಇವರಿಗೆ ಬೈದದ್ದು ಅಷ್ಟಿಷ್ಟಲ್ಲ.” 1965ರಲ್ಲಿ ಧಾನ್ಯದ ಅಭಾವವಿದ್ದಾಗ ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ಶಾಸ್ತ್ರಿಗಳು ಕೇಳಿಕೊಂಡರು, ಸೋಮವಾರ ಸಂಜೆ ಎಷ್ಟೋ ಹೋಟೆಲುಗಳು ಬಾಗಿಲು ಹಾಕಿದವು. ಅಪ್ಪಯ್ಯನ ಹೋಟೆಲೂ ಹಾಕಿತಂತೆ. “ಸೋಮವಾರ ಸಾಯಂಕಾಲ ಕದ ಹಾಕ್ಕೊಂಡು ಒಳಗೆ ಕೂತು ವ್ಯಾಪಾರ ಹೋಯ್ತು ಅಂತ ಬೈಯೋದು. ನೀವು ತೆಗೆದರೆ ಯಾರು ಕೇಳ್ತಾರೆ ಅಂತ ಅಮ್ಮ ಕೇಳಿದರೆ, ಅವಳಿಗೂ ಬೈಯೋದು. ತೆಗೆಯಲಿಲ್ಲ ಮಾತ್ರ. ಅವರೂ ಆ ರಾತ್ರಿ ಉಣ್ತಿರಲಿಲ್ಲ.”

ಪಟವನ್ನು ಪಂಚೆಯ ಅಂಚಿನಿಂದ ಒರೆಸಿ ಕಂಕುಳಲ್ಲಿ ಇಟ್ಟುಕೊಂಡು ಹೋದರು. ಈಗ ಅದು ಗಲ್ಲಾಪೆಟ್ಟಿಗೆಯ ಮೇಲೆ, ಲಕ್ಷ್ಮಿಯ ಎಡಕ್ಕೆ ಇದೆ. ಸೋಮವಾರ ಸಂಜೆ ಅಲ್ಲಿ ಬೆಣ್ಣೆ ಮಸಾಲೆ ವಿಶೇಷ. ಟೋಕನ್ ತೆಗೆದುಕೊಳ್ಳಲು ಏಳೂವರೆಯೊಳಗೆ ಹೋಗಬೇಕು, ತಡವಾದರೆ ಸಾಗು ಖಾಲಿ.